ನೋಡಿಕೊಳ್ಳುವವರ ನಿದ್ದೆಯೂ ಚಿಕಿತ್ಸೆಯೇ

ಆರೋಗ್ಯ ಪ್ರಶ್ನೋತ್ತರ

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯಿಂದ ಬಂದ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಐದೂ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಇವೆ. ಬರೆದವರಲ್ಲಿ ಒಬ್ಬರೂ ರೋಗಿಯಲ್ಲ. ಹೆಂಡತಿ, ಮಗ, ಮಗಳು, ಮೊಮ್ಮಗ, ಗಂಡ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ 1817ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಆರು ಜನರ ಕಥೆಯಿದೆ. ಅವರಲ್ಲೊಬ್ಬರನ್ನು ಪಾರ್ಕಿನ್ಸನ್ ದೂರದಿಂದ ಕಂಡದ್ದಷ್ಟೇ. ಆ ಮನುಷ್ಯನಿಗೆ ನಡೆಯಲು ಬರುತ್ತಿರಲಿಲ್ಲ, ಓಡಲು ಮಾತ್ರ ಬರುತ್ತಿತ್ತು. ಜೊತೆಗಿದ್ದ ಆಳು ಎದುರು ನಿಂತು, ಅವರ ಎರಡೂ ಹೆಗಲಿಗೆ ಕೈಕೊಟ್ಟು, ಹಿಂದೆ ಮುಂದೆ ತೂಗಿ ಸಮತೋಲ ಬರುವವರೆಗೂ ಹಿಡಿದಿರುತ್ತಿದ್ದ. ಅವರು ಹೂಂ ಅಂದ ಕೂಡಲೇ ಪಕ್ಕಕ್ಕೆ ಸರಿದು, ತಾನೂ ಮುಂದೆ ಓಡಿ, ಇಪ್ಪತ್ತು ಹೆಜ್ಜೆಯಾಚೆ ಅವರು ಮುಗ್ಗರಿಸುವ ಹೊತ್ತಿಗೆ ಹಿಡಿಯಲು ಸಿದ್ಧನಾಗಿರುತ್ತಿದ್ದ. ಅಂದರೆ ಕಾಯಿಲೆಯ ಮೊದಲ ಪುಸ್ತಕದಲ್ಲೇ ನೋಡಿಕೊಳ್ಳುವವನೂ ಇದ್ದಾನೆ. ಅವನ ಹೆಸರಿಲ್ಲ, ಅವನ ಬೆನ್ನುನೋವಿನ ಸುದ್ದಿಯೂ ಇಲ್ಲ. ಇನ್ನೂರು ವರ್ಷ ಕಳೆದರೂ ನಮ್ಮ ಆಸ್ಪತ್ರೆ ಚೀಟಿಗಳಲ್ಲಿ ಅವನಿಗೆ ಜಾಗ ಸಿಕ್ಕಿಲ್ಲ. ಇಂದಿನ ಉತ್ತರಗಳು ಅವನ ಜಾಗದಲ್ಲಿ ನಿಂತವರಿಗೆ.

ಪ್ರಶ್ನೆ 1

ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 58 ವರ್ಷ, ನಮ್ಮ ಯಜಮಾನರಿಗೆ 66. ಅವರಿಗೆ ನಡುಕದ ಕಾಯಿಲೆ ಬಂದು ಎಂಟು ವರ್ಷ ಆಯ್ತು. ರಾತ್ರಿ ನಾಲ್ಕೈದು ಸಲ ಎಬ್ಬಿಸುತ್ತಾರೆ. ಮಗ್ಗುಲು ಹೊರಳಿಸಬೇಕು, ಒಂದಕ್ಕೆ ಕರೆದುಕೊಂಡು ಹೋಗಬೇಕು. ಬೆಳಗಿನ ಜಾವಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಬೇಕು. ಮೊನ್ನೆ ಮೂರನೇ ಸಲ ಎಬ್ಬಿಸಿದಾಗ ಸಿಟ್ಟಿಗೆ ಅವರ ಕೈ ಮೇಲೆ ಹೊಡೆದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಬೆಳಿಗ್ಗೆ ಅದೇ ಕೈ ತೊಳೆಸಿ ಊಟ ಕೊಟ್ಟೆ. ಯಾರಿಗೂ ಹೇಳಿಲ್ಲ. ನಾನು ಎಂಥ ಹೆಂಗಸು ಅಂತ ನನಗೇ ಹೇಸಿಗೆ ಆಗ್ತಿದೆ.
— ಕುಂದಾಣ

ಉತ್ತರ

ಅಮ್ಮಾ, ಹೊಡೆದದ್ದು ಸರಿ ಎಂದು ನಾನು ಹೇಳಲಾರೆ. ನೀವೂ ಹಾಗೆ ಹೇಳಿಸಿಕೊಳ್ಳಲು ಬರೆದಿಲ್ಲ. ಎಂಟು ವರ್ಷ ಸರಿಯಾಗಿ ನಿದ್ದೆ ಕಾಣದ ಮೈಯಲ್ಲಿ ತಾಳ್ಮೆಗೆ ಉಳಿಯಲು ಜಾಗವಿರುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. ಇದೇ ಮಾತನ್ನು ಪಿಸುಗುಟ್ಟಿ ಅತ್ತ ಹೆಂಗಸರು ನನ್ನ ಕೊಠಡಿಗೆ ಬಹಳ ಬಂದಿದ್ದಾರೆ. ಅವರಲ್ಲಿ ಕೆಟ್ಟವರನ್ನು ನಾನು ಕಂಡಿಲ್ಲ, ನಿದ್ದೆಗೆಟ್ಟವರನ್ನು ಕಂಡಿದ್ದೇನೆ. ಯಜಮಾನರ ಹತ್ತಿರ ಕೂತು, ನನ್ನ ಕೈ ತಪ್ಪಿತು ಎಂದು ಒಂದು ಮಾತು ಹೇಳಿ. ಬಾಯಿ ಬಿಟ್ಟು ಹೇಳಿದರೆ ಇಬ್ಬರ ಎದೆಯೂ ಹಗುರಾಗುತ್ತದೆ. ಆಮೇಲೆ ರಾತ್ರಿಯನ್ನು ಸರಿಮಾಡೋಣ.

ಅವರು ಬೇಕೆಂದು ಎಬ್ಬಿಸುತ್ತಿಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಸ ತಯಾರಿಸುವ ಜೀವಕೋಶಗಳು ನಾಶವಾಗುವುದರಿಂದ ಈ ಕಾಯಿಲೆ ಬರುತ್ತದೆ. ಆ ರಸ ಕಡಿಮೆಯಾದರೆ ಮಗ್ಗುಲು ಹೊರಳುವುದೂ ದೊಡ್ಡ ಕೆಲಸವಾಗುತ್ತದೆ. ಸಂಜೆ ನುಂಗಿದ ಮಾತ್ರೆಯ ಬಲ ನಡುರಾತ್ರಿಗೆ ಇಳಿದು ಮೈ ಮರದಂತೆ ಬಿಗಿಯುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ನಡುಕ ಹೇಗಿದೆ" ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸಿ ಬರಬೇಡಿ. "ರಾತ್ರಿ ಇಷ್ಟು ಸಲ ಎಬ್ಬಿಸುತ್ತಾರೆ, ನನಗೆ ನಿದ್ದೆ ಇಲ್ಲ" ಎಂದು ನೀವಾಗಿಯೇ ಹೇಳಿ. ಮಲಗುವ ಹೊತ್ತಿಗೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೊಡಬಹುದೇ, ಪದೇ ಪದೇ ಮೂತ್ರಕ್ಕೆ ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟ್ ಗ್ರಂಥಿಯೋ ಕಾರಣವೇ ಎಂದು ವೈದ್ಯರು ನೋಡುತ್ತಾರೆ. ಕನಸಿನಲ್ಲಿ ಕೂಗುವುದು, ಒದೆಯುವುದು ಇದ್ದರೆ ಅದನ್ನೂ ಹೇಳಿ. ಅದೂ ಈ ಕಾಯಿಲೆಯ ಭಾಗವೇ, ಅದಕ್ಕೂ ಔಷಧ ಇದೆ. ಮಾತ್ರೆಯನ್ನು ನೀವಾಗಿ ಹೆಚ್ಚು ಮಾಡಬೇಡಿ, ನಿಲ್ಲಿಸಲೂ ಬೇಡಿ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಹಾಸಿಗೆಯ ಮೇಲೆ, ಸೊಂಟ ಬರುವ ಜಾಗಕ್ಕೆ ಮಾತ್ರ, ಹಳೆಯ ರೇಷ್ಮೆ ಸೀರೆಯನ್ನು ಮಡಿಸಿ ಬಿಗಿಯಾಗಿ ಸಿಕ್ಕಿಸಿ. ನುಣುಪಿಗೆ ಮೈ ಜಾರಿ ಹೊರಳುವುದು ಸುಲಭವಾಗುತ್ತದೆ. ಕಾಲಿನ ಕಡೆ ಹತ್ತಿ ಬಟ್ಟೆಯೇ ಇರಲಿ, ಊರಿಕೊಳ್ಳಲು ಬೇಕು. ಮಂಚದ ಪಕ್ಕ ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಹಾಕಿಸಿ. ರಾತ್ರಿಗೆ ಮೂತ್ರದ ಬಾಟಲಿ ಕೈಗೆಟುಕುವಂತಿಡಿ. ನೀರನ್ನು ಹಗಲಲ್ಲಿ ಚೆನ್ನಾಗಿ ಕೊಟ್ಟು ಸಂಜೆಯ ಮೇಲೆ ಕಡಿಮೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ವಾರದಲ್ಲಿ ಎರಡು ರಾತ್ರಿ ನೀವು ಬೇರೆ ಕೋಣೆಯಲ್ಲಿ ಮಲಗಬೇಕು. ಮಗನೋ ಮೈದುನನೋ ಆ ಎರಡು ರಾತ್ರಿ ಅವರ ಪಕ್ಕ ಮಲಗಲಿ. ಇದನ್ನು ನಿಮ್ಮ ಯಜಮಾನರ ಔಷಧದ ಪಟ್ಟಿಗೆ ನಾನು ಸೇರಿಸುತ್ತಿದ್ದೇನೆ ಎಂದುಕೊಳ್ಳಿ. ಮನೆಯಲ್ಲಿ ಕೇಳಿದರೆ ಡಾಕ್ಟರು ಬರೆದಿದ್ದಾರೆ ಎಂದು ಈ ಪುಟ ತೋರಿಸಿ. ನಿಮ್ಮ ಬಿ.ಪಿ., ಸಕ್ಕರೆ ನೋಡಿಸಿ ಎಷ್ಟು ದಿನವಾಯಿತು? ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನವೇ ನಿಮ್ಮದನ್ನೂ ನೋಡಿಸಿ. ಬದುಕು ಸಾಕು ಅನ್ನಿಸುವುದು, ಕಾರಣವಿಲ್ಲದೆ ಅಳು ಬರುವುದು, ಅವರನ್ನು ಕಂಡರೆ ಮತ್ತೆ ಕೈ ಎತ್ತುವಷ್ಟು ಸಿಟ್ಟು ಬರುವುದು ಇದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ 2

ಮೇಡಂ, ನಾನು ವಿಮಾನ ನಿಲ್ದಾಣದಲ್ಲಿ ಪಾಳಿ ಕೆಲಸ ಮಾಡುತ್ತೇನೆ. ನಮ್ಮಪ್ಪನಿಗೆ ಆರು ವರ್ಷದಿಂದ ಪಾರ್ಕಿನ್ಸನ್. ಬೆಳಿಗ್ಗೆ ಹತ್ತಕ್ಕೆ ಅರಳಿಕಟ್ಟೆವರೆಗೂ ನಡೆದುಹೋಗುವ ಮನುಷ್ಯ ಮಧ್ಯಾಹ್ನ ಬಚ್ಚಲ ಹೊಸಿಲು ದಾಟಲು ಆಗುವುದಿಲ್ಲ ಅನ್ನುತ್ತಾರೆ. ನನ್ನ ಹೆಂಡತಿ, "ಮಾವನವರು ಬೇಕು ಅಂತಲೇ ಮಾಡ್ತಾರೆ" ಅನ್ನುತ್ತಾಳೆ. ಹಬ್ಬಕ್ಕೆ ಬಂದ ಅಕ್ಕ ಅವರು ನಡೆದಾಡುವುದನ್ನು ನೋಡಿ, "ಇಷ್ಟು ಚೆನ್ನಾಗಿರೋರನ್ನ ನೋಡ್ಕೊಳ್ಳೋಕೆ ನಿಮಗೆ ಕಷ್ಟವಾ?" ಅಂದಳು. ಮನೆಯಲ್ಲಿ ಮಾತು ನಿಂತುಹೋಗಿದೆ.
— ವಿಶ್ವನಾಥಪುರ

ಉತ್ತರ

ನಿಮ್ಮ ಹೆಂಡತಿ ನೋಡಿದ್ದೂ ನಿಜ, ನಿಮ್ಮಕ್ಕ ನೋಡಿದ್ದೂ ನಿಜ. ಇಬ್ಬರೂ ಬೇರೆ ಬೇರೆ ಹೊತ್ತಿನ ಅಪ್ಪನನ್ನು ನೋಡಿದ್ದಾರೆ. ಮಾತ್ರೆ ಹಿಡಿದಾಗ ನಡೆಯುತ್ತಾರೆ, ಅದರ ಬಲ ಇಳಿದಾಗ ನಿಂತುಬಿಡುತ್ತಾರೆ. ವರ್ಷಗಳು ಕಳೆದಂತೆ ಮಾತ್ರೆ ಕೆಲಸ ಮಾಡುವ ಅವಧಿ ಕಿರಿದಾಗುತ್ತಾ ಬರುತ್ತದೆ. ಇದರಲ್ಲಿ ನಟನೆ ಇಲ್ಲ. ಬಾಗಿಲು, ಹೊಸಿಲು, ಇಕ್ಕಟ್ಟಾದ ತಿರುವು ಬಂದ ಕಡೆ ಕಾಲು ನೆಲಕ್ಕೆ ಅಂಟಿಕೊಂಡಂತಾಗುವುದೂ ಈ ಕಾಯಿಲೆಯ ಲಕ್ಷಣವೇ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ, ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಚೆನ್ನಾಗಿ ನಡೆದ ಹೊತ್ತು, ಕಾಲು ಕಟ್ಟಿದ ಹೊತ್ತು ಬರೆದಿಡಿ. ಕಾಲು ಕಟ್ಟಿದಾಗ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ. ಈ ಎರಡನ್ನೂ ವೈದ್ಯರಿಗೆ ತೋರಿಸಿದರೆ ಮಾತ್ರೆಯ ಹೊತ್ತನ್ನು ಅವರು ಸರಿಯಾಗಿ ಹೊಂದಿಸಬಲ್ಲರು. ಆಸ್ಪತ್ರೆಗೆ ಬಂದ ಹೊತ್ತಿನಲ್ಲಿ ರೋಗಿ ಚೆನ್ನಾಗಿಯೇ ನಡೆಯುವುದರಿಂದ ನಮಗೂ ಮೋಸವಾಗುತ್ತದೆ.

ಮಾತ್ರೆಯನ್ನು ಹಾಲಿನ ಜೊತೆ ಕೊಡುತ್ತಿದ್ದೀರಾ? ನಿಮ್ಮ ಕಡೆ ಹಸು ಇರುವ ಮನೆಗಳಲ್ಲಿ ಇದು ಸಾಮಾನ್ಯ. ಹಾಲು, ಕಾಳು, ಮೊಟ್ಟೆ, ಮಾಂಸದಲ್ಲಿರುವ ಪ್ರೋಟೀನು ಮತ್ತು ಲೆವೊಡೋಪಾ ಎರಡೂ ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ಒಂದೇ ದಾರಿಯಲ್ಲಿ ಹೋಗಬೇಕು. ಒಟ್ಟಿಗೆ ಬಂದರೆ ಮಾತ್ರೆ ಹಿಂದೆ ಉಳಿಯುತ್ತದೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಿನಲ್ಲಿ ಕೊಡಿ. ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ ಉಂಡ ಮೇಲೆ ಕಾಲು ಕಟ್ಟುತ್ತದೆಯೇ ಎಂದು ನೋಟ್‌ಬುಕ್ಕಿನಲ್ಲಿ ನೋಡಿ. ಕಟ್ಟುತ್ತಿದ್ದರೆ ಕಾಳನ್ನು ರಾತ್ರಿ ಊಟಕ್ಕೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಿ. ಕಾಳು ಬಿಡಿಸಬೇಡಿ, ಮೈ ಸೊರಗುತ್ತದೆ. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ನಡುವೆ ಅಂತರವಿರಲಿ.

ಕಾಲು ಕಟ್ಟಿದಾಗ ಎಳೆಯಬೇಡಿ, ಅವಸರ ಮಾಡಬೇಡಿ, ಎಳೆದರೆ ಬೀಳುತ್ತಾರೆ. ನಿಂತಲ್ಲೇ ಒಂದು ಉಸಿರು ತೆಗೆದುಕೊಂಡು, ತೂಕವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಲಿ. ಆಮೇಲೆ ನೀವು "ಒಂದು, ಎರಡು" ಎಂದು ಎಣಿಸಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಅಡ್ಡಲಾಗಿ, ಒಂದೊಂದು ಹೆಜ್ಜೆಯ ದೂರಕ್ಕೆ ಬಣ್ಣದ ಟೇಪ್ ಅಂಟಿಸಿ. ನಡೆಯಲಾಗದ ಕಾಲು ಗೆರೆ ದಾಟುತ್ತದೆ. ಇದು ಚಿಕಿತ್ಸಕರು ಲೋಕವೆಲ್ಲ ಬಳಸುವ ಉಪಾಯ.

ಅಕ್ಕನಿಗೆ ನೀವು ಎಷ್ಟು ವಿವರಿಸಿದರೂ ತಿಳಿಯುವುದಿಲ್ಲ. ಅವರು ಬಂದು ನಾಲ್ಕು ದಿನ ಅಪ್ಪನ ಜೊತೆ ಒಬ್ಬರೇ ಇರಲಿ. ನಿಮ್ಮ ಹೆಂಡತಿ ಆ ನಾಲ್ಕು ದಿನ ತವರಿಗೆ ಹೋಗಿ ಬರಲಿ. ಸವಾಲಿನಂತೆ ಹೇಳಬೇಡಿ, "ಅಕ್ಕಾ, ಅಪ್ಪನ ಜೊತೆ ಇದ್ದುಹೋಗು" ಎಂದು ಕರೆಯಿರಿ. ನಿಮ್ಮ ಪತ್ರದಲ್ಲಿ ಒಂದು ಸಾಲು ಕಾಣಲಿಲ್ಲ. ನೀವು ಪಾಳಿಗೆ ಹೋದಾಗ ಮಾವನವರ ಬಚ್ಚಲು, ಬಟ್ಟೆ, ಊಟ ನೋಡುವುದು ನಿಮ್ಮ ಹೆಂಡತಿಯೇ ತಾನೆ? ಅವರ ಬಾಯಿಂದ ಬಂದ ಮಾತು ಕಹಿಯಿರಬಹುದು, ಕೆಲಸ ನಿಂತಿಲ್ಲ. ಪಾಳಿ ಮುಗಿಸಿ ಬಂದ ದಿನ ಅಪ್ಪನ ಸ್ನಾನ ನಿಮ್ಮದಾಗಲಿ. ಮನೆಯಲ್ಲಿ ನಿಂತ ಮಾತು ಅಲ್ಲಿಂದ ಶುರುವಾಗುತ್ತದೆ.

ಪ್ರಶ್ನೆ 3

ಅಮ್ಮನಿಗೆ ಪಾರ್ಕಿನ್ಸನ್, ಹತ್ತು ವರ್ಷ ಆಯಿತು. ನನಗೆ 31. ಕೆಲಸ ಬಿಟ್ಟು ಅವರನ್ನು ನೋಡಿಕೊಳ್ಳುತ್ತಿದ್ದೇನೆ, ಮದುವೆ ಮಾತು ಬಂದರೆ "ಅಮ್ಮನ್ನ ಯಾರು ನೋಡ್ತಾರೆ" ಅಂತ ಅಲ್ಲಿಗೇ ನಿಲ್ಲುತ್ತದೆ. ಎರಡು ತಿಂಗಳಿಂದ ಅಮ್ಮ ಸಂಜೆ ಹೊತ್ತು ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ, ಊಟ ಕೊಡು ಅನ್ನುತ್ತಾರೆ. ನೆರೆಯವರು ಗಾಳಿ ಸೋಕಿದೆ, ತಾಯಿತ ಕಟ್ಟಿಸು ಅನ್ನುತ್ತಾರೆ. ಅಣ್ಣ ಬೆಂಗಳೂರಲ್ಲಿದ್ದಾನೆ. ಜಮೀನು ಹೋಗಿ ಬಂದ ಪರಿಹಾರದ ದುಡ್ಡು ಅವನ ಹತ್ತಿರವೇ ಇದೆ. ತಿಂಗಳ ಔಷಧಿಗೆ ನಾನು ಅವನಿಗೆ ಫೋನ್ ಮಾಡಿ ಕೇಳಬೇಕು.
— ಕಾರಹಳ್ಳಿ

ಉತ್ತರ

ತಂಗೀ, ಮೊದಲು ಆ ಮಕ್ಕಳ ವಿಷಯ. ಅದು ಗಾಳಿಯಲ್ಲ. ಪಾರ್ಕಿನ್ಸನ್ ಹಳೆಯದಾದಾಗ ಇಲ್ಲದ ಜನ, ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುವುದುಂಟು. ಕೆಲವೊಮ್ಮೆ ಕಾಯಿಲೆಯಿಂದ, ಕೆಲವೊಮ್ಮೆ ಅದಕ್ಕೆ ಕೊಡುವ ಮಾತ್ರೆಗಳಿಂದ. ಇದ್ದಕ್ಕಿದ್ದಂತೆ ಶುರುವಾದರೆ ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿರುವುದು ಕಾರಣವಿರಬಹುದು. ಅದಕ್ಕೇ ಈ ವಾರವೇ ವೈದ್ಯರಿಗೆ ತೋರಿಸಿ, ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನಿಮ್ಮೂರಿನ ಹತ್ತಿರದ ಯಾವ ವೈದ್ಯರ ಬಳಿ ಹೋದರೂ "ಇವರಿಗೆ ಪಾರ್ಕಿನ್ಸನ್ ಇದೆ" ಎಂದು ಮೊದಲೇ ಹೇಳಿ. ಗಲಾಟೆ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಇವರ ಬಿಗಿತವನ್ನು ಬಹಳ ಹೆಚ್ಚಿಸುತ್ತವೆ. ಈ ಎರಡು ಹೆಸರನ್ನು ಚೀಟಿಯಲ್ಲಿ ಬರೆದು ಅಮ್ಮನ ಫೈಲಿಗೆ ಅಂಟಿಸಿ.

ಅಲ್ಲಿಯವರೆಗೆ, ಯಾರೂ ಇಲ್ಲ ಎಂದು ವಾದ ಮಾಡಬೇಡಿ, ಇದ್ದಾರೆ ಎಂದು ಒಪ್ಪಲೂ ಬೇಡಿ. "ನನಗೆ ಕಾಣ್ತಾ ಇಲ್ಲಮ್ಮ, ನಾನು ಇಲ್ಲೇ ಇದ್ದೀನಿ" ಅನ್ನಿ. ಮುಸ್ಸಂಜೆಗೆ ಮೊದಲೇ ದೀಪ ಹಾಕಿ, ಮೂಲೆಯಲ್ಲಿ ನೇತಾಡುವ ಬಟ್ಟೆ ತೆಗೆಯಿರಿ. ಮಬ್ಬುಗತ್ತಲಲ್ಲೇ ಅವು ಹೆಚ್ಚು ಕಾಣುವುದು.

ಇನ್ನು ದುಡ್ಡಿನ ಮಾತು. ನಿಮ್ಮ ಸೀಮೆಯಲ್ಲಿ ಭೂಮಿ ಚಿನ್ನವಾದ ಮೇಲೆ ಇಂಥ ಪತ್ರಗಳು ನನಗೆ ಹೆಚ್ಚಾಗಿ ಬರುತ್ತಿವೆ. ಹೊಲ ಹಂಚುವಾಗ ಎಲ್ಲರೂ ಕೂರುತ್ತಾರೆ, ತಾಯಿಯ ಹಾಸಿಗೆ ಹಂಚುವಾಗ ಒಬ್ಬಳು ಉಳಿಯುತ್ತಾಳೆ. ನೀವು ಬಿಟ್ಟ ಕೆಲಸದ ಸಂಬಳ, ಪಟ್ಟಣದಲ್ಲಿ ಹಗಲು ರಾತ್ರಿ ಆಯಾ ಇಟ್ಟುಕೊಂಡರೆ ಆಗುವ ಖರ್ಚು, ಮಾತ್ರೆ, ಡೈಪರ್, ಆಸ್ಪತ್ರೆಗೆ ಹೋಗುವ ಬಾಡಿಗೆ ಕಾರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಹಿರಿಯರೊಬ್ಬರನ್ನು ಕೂರಿಸಿ ಅಣ್ಣನ ಮುಂದಿಡಿ. ಪ್ರತಿ ತಿಂಗಳು ಒಂದನೇ ತಾರೀಖಿಗೆ ಅಮ್ಮನ ಬ್ಯಾಂಕ್ ಖಾತೆಗೆ ಇಷ್ಟು ಬರಬೇಕು ಎಂದು ತೀರ್ಮಾನವಾಗಲಿ. ಆಗ ನೀವು ಪ್ರತಿ ತಿಂಗಳು ಕೇಳಬೇಕಾಗಿಲ್ಲ. ಮಾತಿಗೆ ಬಗ್ಗದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಕಾಯ್ದೆ ಇದೆ. ಅಮ್ಮನ ಹೆಸರಿನಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ದಾರಿ ತಿಳಿಯಲು ಹಿರಿಯರ ಸಹಾಯವಾಣಿ 14567ಕ್ಕೆ ಕೇಳಿ.

ಕೊನೆಯದಾಗಿ ನಿಮ್ಮ ಬಗ್ಗೆ. ಅಮ್ಮನನ್ನು ನೋಡಿಕೊಳ್ಳುವುದು ನಿಮ್ಮ ಪ್ರೀತಿ. ಅದಕ್ಕೆ ನಿಮ್ಮ ಇಡೀ ಬದುಕನ್ನು ಕೊಡಬೇಕೆಂದು ಯಾರೂ, ಅಮ್ಮನೂ, ಕೇಳಿಲ್ಲ. ಈ ಕಾಯಿಲೆ ಒಂದೆರಡು ವರ್ಷದ್ದಲ್ಲ. ಅದರ ಜೊತೆ ಜನ ಹತ್ತು, ಇಪ್ಪತ್ತು ವರ್ಷ ಬಾಳುತ್ತಾರೆ. ಅಷ್ಟು ದೂರದ ದಾರಿಯನ್ನು ಒಬ್ಬರೇ ಹೊರಬಾರದು. ಅರ್ಧ ದಿನದ ಕೆಲಸಕ್ಕಾದರೂ ಮತ್ತೆ ಹೋಗಿ, ಆ ಹೊತ್ತಿಗೆ ಅಣ್ಣನ ದುಡ್ಡಿನಲ್ಲಿ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಿ. ಮದುವೆ ಆಗುವುದು, ಬಿಡುವುದು ನಿಮ್ಮ ಮನಸ್ಸಿಗೆ ಸೇರಿದ್ದು. ಅದಕ್ಕೆ ಅಮ್ಮನ ಕಾಯಿಲೆ ಉತ್ತರವಾಗಬಾರದು.

ಪ್ರಶ್ನೆ 4

ನಮ್ಮ ತಾತನಿಗೆ ಈ ಕಾಯಿಲೆ ಇದೆ, ಅಜ್ಜಿ ನೋಡಿಕೊಳ್ಳುತ್ತಾರೆ. ಇದಕ್ಕೆ ಅಂಗವಿಕಲರ ಕಾರ್ಡ್ ಸಿಗುತ್ತದೆಯೇ? ನೋಡಿಕೊಳ್ಳುವವರಿಗೆ ಸರ್ಕಾರದಿಂದ ಏನಾದರೂ ಇದೆಯೇ?
— ಕೊಯಿರ

ಉತ್ತರ

ಎರಡಕ್ಕೂ ಹೌದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಒಂದು. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದರೆ ಯು.ಡಿ.ಐ.ಡಿ. ಕಾರ್ಡ್ ಕೊಡುತ್ತಾರೆ. ಶೇ. 40 ಅಥವಾ ಹೆಚ್ಚು ಎಂದು ಬರೆದಿದ್ದರೆ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ತಪಾಸಣೆಗೆ ಹೋಗುವಾಗ ಕಾಲು ಕಟ್ಟಿದಾಗಿನ ವಿಡಿಯೊವೂ ಜೊತೆಗಿರಲಿ.

ಕರ್ನಾಟಕ ಸರ್ಕಾರ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿತು. ಮೊತ್ತ ಚಿಕ್ಕದು. ಆದರೆ ನೋಡಿಕೊಳ್ಳುವುದೂ ಕೆಲಸ ಎಂದು ಸರ್ಕಾರದ ಕಾಗದ ಒಪ್ಪಿಕೊಂಡದ್ದು ಚಿಕ್ಕದಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿಯ ದಾರಿ ಅವರಿಗೆ ಗೊತ್ತು. ಜಿಲ್ಲಾಡಳಿತ ಭವನ ನಿಮ್ಮ ಹೋಬಳಿಯ ಬೀರಸಂದ್ರದಲ್ಲೇ ಇರುವುದರಿಂದ ಅಲ್ಲಿಯೂ ವಿಚಾರಿಸಬಹುದು. ಮಾತ್ರೆ ಕೊಳ್ಳುವ ಮುನ್ನ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಇದೆಯೇ ಎಂದು ಕೇಳಿ.

ಹಳ್ಳಿಗೆ ಈ ನೆರವು ಯಾಕೆ ಹೆಚ್ಚು ಬೇಕು ಎಂಬುದಕ್ಕೆ ನಮ್ಮ ನೆರೆಯಲ್ಲೇ ಲೆಕ್ಕ ಇದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಮಂದಿಯನ್ನು ಸಮೀಕ್ಷೆ ಮಾಡಿದ ವೈದ್ಯರು 2004ರಲ್ಲಿ ಪ್ರಕಟಿಸಿದಂತೆ, ಮಿದುಳು ಮತ್ತು ನರದ ಕಾಯಿಲೆಗಳೆಲ್ಲ ಸೇರಿ ಹಳ್ಳಿಗಳಲ್ಲಿ ನಗರದ ಸುಮಾರು ಎರಡರಷ್ಟಿದ್ದವು. ನರರೋಗ ತಜ್ಞರು ಮಾತ್ರ ನಗರದಲ್ಲಿದ್ದಾರೆ. ಕುಂದಾಣದ ಅಜ್ಜಿಯೊಬ್ಬರು ತಾತನನ್ನು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಬರಬೇಕೆಂದರೆ ಬೆಂಗಳೂರನ್ನು ಆ ತುದಿಯಿಂದ ಈ ತುದಿಗೆ ದಾಟಬೇಕು, ಇಡೀ ದಿನ ಹೋಗುತ್ತದೆ. ಮೊಮ್ಮಕ್ಕಳಾದ ನೀವು ಮಾಡಬಹುದಾದ ದೊಡ್ಡ ಸಹಾಯ, ಮುಂದಿನ ಸಲ ಆ ದಿನವನ್ನು ಅಜ್ಜಿಯಿಂದ ತೆಗೆದುಕೊಳ್ಳುವುದು.

ಪ್ರಶ್ನೆ 5

ಅಮ್ಮಾ, ನನಗೆ 72. ನನ್ನ ಹೆಂಡತಿಗೆ ಈ ಕಾಯಿಲೆ. ನಲವತ್ತೈದು ವರ್ಷ ಅವಳು ನನಗೆ ಬಡಿಸಿದಳು, ಈಗ ನಾನು ಮುದ್ದೆ ತಿರುವುವುದು ಕಲಿತಿದ್ದೇನೆ. ಅದಕ್ಕೆ ಬೇಸರ ಇಲ್ಲ. ಎರಡು ವರ್ಷದಿಂದ ಅವಳು ನನ್ನನ್ನು ನೋಡಿ ನಗುವುದಿಲ್ಲ. ಮುಖ ಕಲ್ಲಾಗಿದೆ. ನಾನು ಮಾಡುವುದು ಅವಳಿಗೆ ಸರಿಬರುತ್ತಿಲ್ಲವೋ ಏನೋ.
— ಕುಂದಾಣ

ಉತ್ತರ

ಯಜಮಾನರೇ, ನಗು ಹೋಗಿಲ್ಲ, ಅದು ಮುಖಕ್ಕೆ ಬರುವ ದಾರಿ ಕಟ್ಟಿದೆ. ಕೈಕಾಲಿನ ಹಾಗೆ ಮುಖದ ಸ್ನಾಯುಗಳೂ ಬಿಗಿಯುತ್ತವೆ. ಕಣ್ಣು ಮಿಟುಕಿಸುವುದೂ ಕಡಿಮೆಯಾಗುತ್ತದೆ. ದನಿ ಸಣ್ಣದಾಗುತ್ತದೆ, ಮಾತು ಹೊರಡಲು ತಡವಾಗುತ್ತದೆ. ಒಳಗೆ ಸಂತೋಷವಿದ್ದರೂ ನೋಡುವವರಿಗೆ ಮುನಿಸಿನಂತೆ ಕಾಣುತ್ತದೆ. ಈ ಕಾಯಿಲೆಯಲ್ಲಿ ಗಂಡ ಹೆಂಡಿರ ನಡುವೆ ಎಷ್ಟೋ ಮನಸ್ತಾಪಗಳು ಹುಟ್ಟುವುದು ಇದೊಂದು ತಿಳಿಯದೆ.

ಮಾತ್ರೆ ಹಿಡಿದಿರುವ ಹೊತ್ತಿನಲ್ಲಿ, ಟಿ.ವಿ. ಆರಿಸಿ, ಎದುರಿಗೆ ಕೂತುಕೊಳ್ಳಿ. "ಮುದ್ದೆ ಇವತ್ತು ಹೇಗಿತ್ತು?" ಎಂದು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಅಲ್ಲಿಯವರೆಗೆ ನೀವು ಬಾಯಿ ತೆರೆಯಬೇಡಿ. ಉತ್ತರ ಬರುತ್ತದೆ. ಉಸಿರು ತುಂಬಿಕೊಂಡು ಗಟ್ಟಿಯಾಗಿ ಹೇಳಲು ದಿನಾ ಅಭ್ಯಾಸ ಮಾಡಿಸಿ, ಊರ ದೇವರ ಹೆಸರಾದರೂ ಸರಿ, ದನಗಳ ಹೆಸರಾದರೂ ಸರಿ. ಊಟ ಮಾಡುವಾಗ ನೆಟ್ಟಗೆ ಕೂರಿಸಿ. ಕೆಮ್ಮು, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅವರು ಯಾವಾಗಲೂ ಮಂಕಾಗಿ, ಊಟ ನಿದ್ದೆ ಬಿಟ್ಟಿದ್ದರೆ ಅದು ಖಿನ್ನತೆಯೂ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ.

ನಿಮಗೂ ಒಂದು ಮಾತು. ಗಂಡಸರು ಈ ಕೆಲಸ ಮಾಡುವಾಗ ಊರಿಗೆ ಹೇಳಿಕೊಳ್ಳುವುದಿಲ್ಲ. ಈ ಸಂಜೆ ಒಂದು ಗಂಟೆ ಅವರ ಪಕ್ಕ ಯಾರನ್ನಾದರೂ ಕೂರಿಸಿ, ನಿಮ್ಮ ಹಳೆಯ ಗೆಳೆಯರಿರುವ ಕಟ್ಟೆಗೆ ಹೋಗಿ. ಮೊದಲ ಪತ್ರ ಬರೆದ ತಾಯಿಯೂ ನಿಮ್ಮೂರಿನವರೇ. ನೀವಿಬ್ಬರೂ ಒಬ್ಬರನ್ನೊಬ್ಬರು ಡೈರಿಯ ಮುಂದೆ ದಿನಾ ನೋಡುತ್ತಿರಬಹುದು, ಇಬ್ಬರೂ ಏನೂ ಹೇಳದೆ ಮನೆಗೆ ಹೋಗುತ್ತಿರಬಹುದು. ನೀವು ಕಟ್ಟೆಯ ಮೇಲೆ ಬಾಯಿ ಬಿಟ್ಟು ಹೇಳಿದರೆ, ನಮ್ಮ ಮನೆಯಲ್ಲೂ ಹಾಗೇ ಎನ್ನುವ ಇನ್ನೊಬ್ಬರು ಅಲ್ಲೇ ಸಿಗುತ್ತಾರೆ. ಆ ದಿನದಿಂದ ಒಬ್ಬರ ರಾತ್ರಿಗೆ ಇನ್ನೊಬ್ಬರ ಮನೆಯ ಮಗ ಬಂದು ಮಲಗಬಹುದು.

ಮನೆಗೆ ಬಂದ ಮೇಲೆ, ಕಟ್ಟೆಯಲ್ಲಿ ಯಾರು ಏನಂದರು ಎಂದು ಅವರಿಗೆ ಹೇಳಿ. ಹತ್ತರವರೆಗೆ ಎಣಿಸಿ.